ನೂರಿಪ್ಪತ್ತು ಗಂಟೆಯ ಮೇಷ್ಟ್ರುಗಳು

ಆಂಧ್ರದ ಅನಂತಪುರ ಸೀಮೆಯಲ್ಲಿ ಹಿಂದೂಪುರದ ಮಕ್ಕಳು ಶಾಲೆ ಬಿಡುವ ದಾರಿ ಒಂದು, ಕಲ್ಯಾಣದುರ್ಗದ ಮಕ್ಕಳದು ಇನ್ನೊಂದು. ಹಿಂದೂಪುರ ಬೆಂಗಳೂರಿನ ರೈಲು ಹಾದಿಯಲ್ಲಿದೆ, ಗೌರಿಬಿದನೂರು ದಾಟಿದರೆ ಬಂದೇಬಿಟ್ಟಿತು. ಹುಣಸೆಹಣ್ಣು, ಬೆಲ್ಲ, ರೇಷ್ಮೆಗೂಡಿನ ಮಾರುಕಟ್ಟೆ, ಊರಾಚೆ ಕಾರ್ಖಾನೆಗಳು. ಹತ್ತನೇ ತರಗತಿಯಲ್ಲಿ ಫೇಲಾದ ಹುಡುಗಿಗೆ ಇಲ್ಲಿ ಕೂಲಿ ಸಿಗುವುದು ಸುಲಭ, ಮತ್ತೆ ಪರೀಕ್ಷೆಗೆ ಕೂರುವುದೇ ಕಷ್ಟ. ಪಾವಗಡದ ಆಚೆಯ ಕಲ್ಯಾಣದುರ್ಗ ಮಳೆ ನಂಬಿದ ಶೇಂಗಾ ಸೀಮೆ. ಕಾಯಿ ಕಿತ್ತ ಮೇಲೋ, ಬೆಳೆ ಒಣಗಿದ ಮೇಲೋ ಮನೆಮಂದಿ ಗುಳೆ ಹೊರಟರೆ, ಕೂಸನ್ನು ನೋಡಿಕೊಳ್ಳಲು ದೊಡ್ಡ ಮಗಳೂ ಹೊರಡಬೇಕು. ಹಾಜರಾತಿ ಪುಸ್ತಕದಲ್ಲಿ ಹೆಸರು ಹಾಗೇ ಉಳಿಯುತ್ತದೆ. ಅವಳು ಶಾಲೆ ಬಿಟ್ಟಳೆಂದು ಯಾರೂ ಬರೆದುಕೊಳ್ಳುವುದಿಲ್ಲ.

ಇಂಥ ಮಕ್ಕಳ ಬೆನ್ನಿಗೆ ಯಾರು ನಿಲ್ಲಬೇಕು? ಸರಕಾರದ ಬಳಿ ಅರ್ಧ ಶತಮಾನದಿಂದ ಒಂದು ಸೈನ್ಯವೇ ಇದೆ. ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ನಮ್ಮೆಲ್ಲರ ಎನ್‌ಎಸ್‌ಎಸ್. ಗಾಂಧಿ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳೊಂದಿಗೆ ಶುರುವಾಯಿತು. ಚಾಲನೆ ಕೊಟ್ಟವರು ಆಗಿನ ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್. ಅರ್ಥಶಾಸ್ತ್ರಜ್ಞ ರಾವ್ ಲೋಕಸಭೆಗೆ ಆರಿಸಿಬಂದಿದ್ದು ಬಳ್ಳಾರಿಯಿಂದ. 1882ರವರೆಗೆ ಅನಂತಪುರ ಸೀಮೆಯೂ ಬಳ್ಳಾರಿ ಜಿಲ್ಲೆಯೊಳಗೇ ಇತ್ತು.

ಲೆಕ್ಕ ಸರಳ. ಸ್ವಯಂಸೇವಕನೊಬ್ಬ ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆ ದುಡಿಯಬೇಕು. ಜೊತೆಗೆ ದತ್ತು ಗ್ರಾಮದಲ್ಲಿ ಏಳು ದಿನದ ವಿಶೇಷ ಶಿಬಿರ. ಆ ಏಳು ದಿನ ಏನು ನಡೆಯುತ್ತದೆಂದು ಕಾಲೇಜು ಓದಿದವರಿಗೆಲ್ಲ ಗೊತ್ತು: ಬೆಳಿಗ್ಗೆ ಪ್ರಭಾತಫೇರಿ, ಚರಂಡಿ ಶ್ರಮದಾನ, ಸಂಜೆ ಸಾಂಸ್ಕೃತಿಕ ಕಾರ್ಯಕ್ರಮ, ಕೊನೆಯ ದಿನ ಗಿಡ ನೆಟ್ಟು ಫೋಟೊ. ಊರಿನವರು ಪ್ರೀತಿಯಿಂದಲೇ ಉಣ್ಣಿಸುತ್ತಾರೆ. ಎಂಟನೆಯ ದಿನ ಬಸ್ಸು ಹೊರಟಾಗ ಮಗು ಶಾಲೆಗೆ ಹೋಗಿದೆಯೇ ಎಂದು ಕೇಳಲು ಮಾತ್ರ ಯಾರೂ ಉಳಿದಿರುವುದಿಲ್ಲ.

ಇದಕ್ಕೆ ಹೋಲಿಸಿದರೆ, ಅಮೆರಿಕದ ಅಮೆರಿಕಾರ್ಪ್ಸ್ ಎಂಬ ಸೇವಾ ಯೋಜನೆಯಲ್ಲಿ ಪೂರ್ಣಾವಧಿ ಸೇವೆಯೆಂದರೆ 1,700 ಗಂಟೆ. 1988ರಲ್ಲಿ ಬಾಸ್ಟನ್‌ನಲ್ಲಿ ಹುಟ್ಟಿದ ಸಿಟಿ ಇಯರ್ ಎಂಬ ಸಂಸ್ಥೆ ಇಂಥ ಯುವಕ ಯುವತಿಯರನ್ನು ಇಡೀ ಶೈಕ್ಷಣಿಕ ವರ್ಷಕ್ಕೆ ಒಂದೇ ಶಾಲೆಗೆ ಕಳಿಸುತ್ತದೆ. ಕೈಖರ್ಚಿಗೆ ಭತ್ಯೆ ಕೊಡುತ್ತಾರೆ. ಯಾರು ಗೈರುಹಾಜರಾಗುತ್ತಿದ್ದಾರೆ, ಯಾರು ಗಣಿತದಲ್ಲಿ ಸೋಲುತ್ತಿದ್ದಾರೆ ಎಂಬ ಪಟ್ಟಿ ಹಿಡಿದೇ ಅವರ ಕೆಲಸ. ಹಾಗೆಂದು ನಮ್ಮ ಕಾಲೇಜು ಹುಡುಗರು 1,700 ಗಂಟೆ ತರುವುದೆಲ್ಲಿಂದ? ಗಂಟೆಗಳನ್ನು ಹೆಚ್ಚಿಸುವುದಕ್ಕಿಂತ, ಬಂದವರನ್ನು ಬರಮಾಡಿಕೊಳ್ಳುವ ಮನೆಯನ್ನು ಗಟ್ಟಿಮಾಡುವುದೇ ಮೇಲೆಂದು ನನಗನಿಸುತ್ತದೆ.

ಅಂಥ ಮನೆ ಈ ಸೀಮೆಯಲ್ಲೇ ಇದೆ. ಎನ್‌ಎಸ್‌ಎಸ್ ಹುಟ್ಟಿದ ಅದೇ 1969ರಲ್ಲಿ ವಿಸೆಂಟೆ ಫೆರರ್ ಅನಂತಪುರಕ್ಕೆ ಬಂದರು. ಬಾರ್ಸಿಲೋನಾ ಮೂಲದ ಈ ಪಾದ್ರಿ ಮಹಾರಾಷ್ಟ್ರದ ಮನ್ಮಾಡ್‌ನಲ್ಲಿ ರೈತರ ನಡುವೆ ದುಡಿದು, 1968ರಲ್ಲಿ ದೇಶ ಬಿಡಬೇಕಾಗಿ ಬಂದು, ಮರಳಿ ಬಂದವರು. ಪಾದ್ರಿತನ ಬಿಟ್ಟರು, ಮದುವೆಯಾದರು. ಆದರೂ 2009ರಲ್ಲಿ ತೀರಿಕೊಳ್ಳುವವರೆಗೆ ಜನರ ಬಾಯಲ್ಲಿ ‘ಫಾದರ್’ ಆಗಿಯೇ ಉಳಿದರು. ಅವರು ಕಟ್ಟಿದ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್, ಜನರ ಮಾತಿನ ಆರ್‌ಡಿಟಿ, ಬತ್ತಲಪಲ್ಲಿ, ಕಲ್ಯಾಣದುರ್ಗದ ಆಸ್ಪತ್ರೆಗಳಿಂದ ಹೆಸರಾಗಿದೆ. ಅದಕ್ಕಿಂತ ಸದ್ದಿಲ್ಲದ ಕೆಲಸವೊಂದು ದಲಿತ ಕೇರಿಗಳ ಪೂರಕ ಶಾಲೆಗಳದ್ದು. ಸರಕಾರಿ ಶಾಲೆಯ ಗಂಟೆ ಹೊಡೆಯುವ ಮೊದಲು ಮತ್ತು ಮುಗಿದ ಮೇಲೆ, ಮನೆಯಲ್ಲಿ ಅಕ್ಷರ ಬಲ್ಲವರಿಲ್ಲದ ಮಕ್ಕಳನ್ನು ಕೂರಿಸಿ ಓದಿಸುವುದು. ಸ್ಥಳೀಯ ಮೇಷ್ಟ್ರಾದರೆ ನಿನ್ನೆ ಬಾರದ ಹುಡುಗನ ಅವ್ವ ನೀರಿಗೆ ಹೋಗುವಾಗ ಎದುರಾಗುತ್ತಾಳೆ. ವಿಚಾರಣೆ ಅಲ್ಲೇ ಮುಗಿಯುತ್ತದೆ.

ಹೀಗೆ ನೆಲದ ಮೇಲೆ ನಿಂತವರ ಕೈಗೆ ಕಾಲೇಜಿನ ಸ್ವಯಂಸೇವಕನನ್ನು ಒಪ್ಪಿಸಿದರೆ 120 ಗಂಟೆ ಸಣ್ಣದೇನಲ್ಲ. ವಾರಕ್ಕೆ ಎರಡು ಸಂಜೆ, ಸಂಜೆಗೆ ಎರಡು ಗಂಟೆಯಂತೆ 30 ವಾರ. ತೆಲಂಗಾಣದ ರಂಗಾರೆಡ್ಡಿ ಜಿಲ್ಲೆಯಲ್ಲಿ ಶಾಂತಾ ಸಿನ್ಹಾ ಅವರ ಎಂ.ವಿ. ಫೌಂಡೇಶನ್ 1991ರಿಂದ ನಡೆದದ್ದೂ ಇಂಥ ದಾರಿಯಲ್ಲೇ; ಊರ ಯುವಕರೇ ಮನೆಮನೆ ಸುತ್ತಿ, ಕೂಲಿ ಮಕ್ಕಳನ್ನು ಸೇತುಬಂಧ ಶಿಬಿರಗಳ ಮೂಲಕ ತರಗತಿಗೆ ತಂದರು.

ಗಡಿಸೀಮೆಯಲ್ಲಿ ಇನ್ನೊಂದು ತೊಡಕಿದೆ. ಮಡಕಶಿರಾ, ರಾಯದುರ್ಗದ ಕಡೆ ಕನ್ನಡ ಮಾಧ್ಯಮದ ಶಾಲೆಗಳುಂಟು. ಆದರೆ ಎಲ್ಲ ಕನ್ನಡ ಮನೆಗಳ ಹತ್ತಿರವೂ ಇಲ್ಲ. ಮನೆಯಲ್ಲಿ ಕನ್ನಡ, ಪಾಠದಲ್ಲಿ ತೆಲುಗು. ಮೂರನೇ ತರಗತಿಯಲ್ಲಿ ಹಿಂದೆ ಬಿದ್ದ ಮಗುವನ್ನು ದಡ್ಡನೆಂದು ಬದಿಗಿಡುವುದು ಸುಲಭ. ಎರಡೂ ಭಾಷೆ ಬಲ್ಲ ಡಿಗ್ರಿ ಹುಡುಗಿಯೊಬ್ಬಳು ಪಕ್ಕದಲ್ಲಿ ಕೂತು, ಲೆಕ್ಕದ ಪ್ರಶ್ನೆಯನ್ನು ಮನೆಮಾತಿನಲ್ಲಿ ಒಮ್ಮೆ ಕೇಳಿ ನೋಡಲಿ. ಶಿಬಿರದ ಚರಂಡಿಗಿಂತ ಬೇಗ ಈ ತೊಡಕು ತೆರವಾಗುತ್ತದೆ.

ಇನ್ನು ಯಾವ ತರಗತಿಯವರ ಬೆನ್ನಿಗೆ ನಿಲ್ಲಬೇಕು? ಕಾನೂನಿನ ಕೈ ಹದಿನಾಲ್ಕನೇ ವಯಸ್ಸಿಗೆ ನಿಲ್ಲುತ್ತದೆ. 2010ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರದು. 2016ರ ಬಾಲಕಾರ್ಮಿಕ ತಿದ್ದುಪಡಿ 14 ದಾಟಿದವರನ್ನು ಅಪಾಯಕಾರಿ ಕೆಲಸಗಳಿಂದಷ್ಟೇ ತಡೆಯುತ್ತದೆ. ಅಂದರೆ ಎಂಟು, ಒಂಬತ್ತು, ಹತ್ತನೇ ತರಗತಿಯಲ್ಲಿ ಕಾವಲು ಬೇಕು. ಕಲ್ಯಾಣದುರ್ಗಕ್ಕೆ ಸ್ವಯಂಸೇವಕರು ಬೇಕಾದದ್ದು ಶೇಂಗಾ ಕಿತ್ತ ಮೇಲೆ, ನವೆಂಬರ್ ಹೊತ್ತಿಗೆ. ಹಿಂದೂಪುರಕ್ಕೆ ಹತ್ತನೇ ತರಗತಿಯ ಫಲಿತಾಂಶದಿಂದ ಪೂರಕ ಪರೀಕ್ಷೆಯವರೆಗಿನ ಬೇಸಿಗೆಯಲ್ಲಿ, ಆದರೆ ಆಗ ಕಾಲೇಜಿಗೇ ರಜೆ. ಆ ರಜೆಯ ಗಂಟೆಗಳನ್ನೂ 120ರೊಳಗೆ ಬರೆದುಕೊಳ್ಳಲು ಕಾಲೇಜಿನ ಎನ್‌ಎಸ್‌ಎಸ್ ಪ್ರೋಗ್ರಾಂ ಆಫೀಸರ್ ಒಪ್ಪಬೇಕು, ಫೇಲಾದವರ ಪಟ್ಟಿಯನ್ನು ಹೆಡ್‌ಮಾಸ್ಟರು ಅದೇ ವಾರ ಕೊಡಬೇಕು.