ಬಿಳಿಯೋ? ಹಸಿರೋ?

ಹಬ್ಬ ಸಮೀಪಿಸಿ ಗೋಡೆಗೆ ಬಣ್ಣ ಹೊಡೆಸುವ ಮಾತು ಬಂದಿತೆಂದರೆ ಮನೆಯಲ್ಲಿ ವಾದ ತಪ್ಪಿದ್ದಲ್ಲ. ಯಜಮಾನರಿಗೆ ಬಿಳಿಯೇ ಆಗಬೇಕು, ಗೃಹಿಣಿಗೆ ಹಸಿರು. ಬಿಳಿ ಶುಭ್ರವೆಂದು ಅವರು, ಹಸಿರು ಕಣ್ಣಿಗೆ ತಂಪೆಂದು ಇವರು. ಕೊನೆಗೆ ಯಾರ ಧ್ವನಿ ದೊಡ್ಡದೋ ಅವರ ಬಣ್ಣವೇ ಗೋಡೆಯನ್ನೇರುತ್ತದೆ! ಆದರೆ ಇದು ಕೇವಲ ಅಭಿರುಚಿಯ ವಿಷಯವಲ್ಲ. ಇದೇ ಪ್ರಶ್ನೆ ಒಮ್ಮೆ ರೋಗಿಯ ಪ್ರಾಣವನ್ನು ಕಾಯುವ ಸ್ಥಳದಲ್ಲಿಯೇ ಎದ್ದಿತ್ತು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯ ಕೊಠಡಿಯೆಂದರೆ ಬಿಳಿಯ ಗೋಡೆ, ಬಿಳಿಯ ಹೊದಿಕೆ, ಬಿಳಿಯ ಉಡುಪು. ಕೊಳೆ ಎಲ್ಲಿದ್ದರೂ ಕಣ್ಣಿಗೆ ಬೀಳಲೆಂಬುದು ಅದರ ಉದ್ದೇಶ. ಆದರೆ ಪ್ರಖರವಾದ ಬೆಳಕು ಆ ಬಿಳುಪಿನಿಂದ ಪುಟಿದು ವೈದ್ಯರ ಕಣ್ಣುಗಳನ್ನು ಕೋರೈಸುತ್ತಿತ್ತು; ಗಾಯದೊಳಗಿನ ಸೂಕ್ಷ್ಮಗಳು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. 1914ರ ಸುಮಾರಿಗೆ ಸ್ಯಾನ್ ಫ್ರಾನ್ಸಿಸ್ಕೋ ನಗರದ ಶಸ್ತ್ರವೈದ್ಯ ಹ್ಯಾರಿ ಶೆರ್ಮನ್ ಅವರು ರಕ್ತದ ಕೆಂಪಿಗೆ ಎದುರು ವರ್ಣವಾದ ಹಸಿರನ್ನು, ಪಾಲಕ್ ಸೊಪ್ಪಿನ ಹಸಿರನ್ನು, ತಮ್ಮ ಕೊಠಡಿಗೆ ಆರಿಸಿಕೊಂಡರು.

ಇದರ ಮರ್ಮವನ್ನು ಯಾರೂ ಪರೀಕ್ಷಿಸಬಹುದು. ಕುಂಕುಮದ ಬಟ್ಟಲನ್ನು ಅರ್ಧ ನಿಮಿಷ ದಿಟ್ಟಿಸಿ, ಬಳಿಕ ಬಿಳಿಯ ಗೋಡೆಯನ್ನು ನೋಡಿದರೆ ಅಲ್ಲೊಂದು ಹಸಿರು ಛಾಯೆ ತೇಲುತ್ತದೆ. ಗೋಡೆಯೇ ಹಸಿರಾಗಿದ್ದರೆ ಆ ಛಾಯೆ ಅದರಲ್ಲಿ ಕರಗಿ ಕಣ್ಣಿಗೆ ವಿಶ್ರಾಂತಿ ದೊರೆಯುತ್ತದೆ.

ಹಾಗೆಂದು ಮನೆಯೆಲ್ಲಕ್ಕೂ ಹಸಿರು ಬಳಿಯಬೇಕೆಂದಲ್ಲ. ಶುಭ್ರವಾದ ಬಿಳಿ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 80 ಪಾಲನ್ನು ಹಿಂದಿರುಗಿಸುತ್ತದೆ. ಕಡು ಹಸಿರಾದರೋ ಬಹುಪಾಲನ್ನು ನುಂಗಿಬಿಡುತ್ತದೆ. ಒಂದೇ ಕಿಟಕಿಯ ಅಡಿಗೆಮನೆಗೆ, ಮಕ್ಕಳು ಓದುವ ಕತ್ತಲ ಕೋಣೆಗೆ ಬಿಳಿಯೇ ಮೇಲು. ಸಂಜೆಯ ಬಿಸಿಲು ನೇರವಾಗಿ ಬೀಳುವ ಪಡುವಣ ಕೋಣೆಯಲ್ಲಿ ಬಿಳಿ ಕಣ್ಣು ಕುಕ್ಕುತ್ತದೆ; ಅಲ್ಲಿ ತಿಳಿಹಸಿರು ಹಿತವೆನಿಸುತ್ತದೆ.

ಅಂಗಡಿಯ ಚೀಟಿಯಲ್ಲಿ ಕಂಡ ಬಣ್ಣವನ್ನು ನಂಬಿ ಡಬ್ಬ ಕೊಳ್ಳುವುದು ಜಾಣತನವಲ್ಲ. ಎರಡು ಬಣ್ಣಗಳನ್ನೂ ಅದೇ ಗೋಡೆಯ ಮೇಲೆ ಮೊಳದಗಲಕ್ಕೆ ಬಳಿದು, ಒಣಗಿದ ಮೇಲೆ ಬೆಳಿಗ್ಗೆ, ಮಧ್ಯಾಹ್ನ, ದೀಪ ಹಚ್ಚಿದ ನಂತರ ಹೀಗೆ ಮೂರು ಸಲ ನೋಡಬೇಕು. ಆ ಕೋಣೆಯಲ್ಲಿ ಹೆಚ್ಚು ಹೊತ್ತು ಕಳೆಯುವವರು ಯಾರೋ ಅವರನ್ನೇ ಕರೆದು ಕೇಳಬೇಕು. ಅಡಿಗೆಮನೆಯ ಬಣ್ಣವನ್ನು ಯಜಮಾನರು ನಿರ್ಧರಿಸುವ ಮನೆಗಳಲ್ಲಿ ಈ ಕೊನೆಯ ಮಾತಿಗೆ ವಿಶೇಷ ಬೆಲೆಯುಂಟು.