ಮೇಜಿನ ಮೇಲೆ ಸ್ಪಾರ್ಟಕಸನ ಸೇನೆ

ಕ್ರಿ.ಪೂ. 73ರಲ್ಲಿ ಇಟಲಿಯ ಕಾಪುವಾ ನಗರದಲ್ಲಿ ಲೆಂಟುಲಸ್ ಬಟಿಯಾಟಸ್ ಎಂಬಾತನು ನಡೆಸುತ್ತಿದ್ದ ಗ್ಲೇಡಿಯೇಟರುಗಳ ಗರಡಿಯಿಂದ 78 ಮಂದಿ ದಾಸರು, ಅಡಿಗೆಮನೆಯಲ್ಲಿ ಕೈಗೆ ಸಿಕ್ಕಿದ ಮಚ್ಚುಗಳನ್ನೂ ಮಾಂಸ ಸುಡುವ ಸಲಾಕೆಗಳನ್ನೂ ಹಿಡಿದು ಹೊರಬಿದ್ದರೆಂದು ಪ್ರಾಚೀನ ಲೇಖಕ ಪ್ಲುಟಾರ್ಕನು ಬರೆದಿದ್ದಾನೆ. ಬೇರೊಂದು ಊರಿಗೆ ಗ್ಲೇಡಿಯೇಟರುಗಳ ಆಯುಧಗಳನ್ನು ಸಾಗಿಸುತ್ತಿದ್ದ ಬಂಡಿಗಳು ದಾರಿಯಲ್ಲಿ ಎದುರಾಗಲು ಅವನ್ನು ಸೂರೆಗೊಂಡರು. ಆದರೆ ತಮ್ಮನ್ನು ಹಿಡಿಯಬಂದ ಕಾಪುವಾದ ಪಡೆಯನ್ನು ಸೋಲಿಸಿ, ಅದರಿಂದ ನಿಜವಾದ ಯುದ್ಧಾಯುಧಗಳನ್ನು ಕಿತ್ತುಕೊಂಡೊಡನೆಯೇ, ಅಖಾಡದ ಆಯುಧಗಳನ್ನು ಅವಮಾನಕರವೆಂದೂ ಅನಾಗರಿಕವೆಂದೂ ಬಗೆದು ಹರ್ಷದಿಂದ ಬಿಸುಟರು. ಪುಟ್ಟ ಬೊಂಬೆಗಳಿಂದ ಮೇಜಿನ ಮೇಲೆ ಯುದ್ಧವಾಡುವ ಕ್ರೀಡೆಯಲ್ಲಿ ಗ್ಲೇಡಿಯೇಟರುಗಳ ಸೇನೆಯೊಂದನ್ನು ಕಟ್ಟಬಯಸುವವನು ಮೊಟ್ಟಮೊದಲು ಮನಸ್ಸಿನಲ್ಲಿಡಬೇಕಾದುದು ಈ ವೃತ್ತಾಂತವನ್ನೇ ಎಂದು ನಾನು ನಂಬಿದ್ದೇನೆ. ಏಕೆಂದರೆ ಸ್ಪಾರ್ಟಕಸನ ನಾಯಕತ್ವದಲ್ಲಿ ಹೀಗೆ ಹುಟ್ಟಿದ, ಚರಿತ್ರೆಯಲ್ಲಿ ಅತ್ಯಂತ ಪ್ರಖ್ಯಾತವಾದ ಗ್ಲೇಡಿಯೇಟರ್ ಸೇನೆಯು, ತಾನು ಗ್ಲೇಡಿಯೇಟರುಗಳಂತೆ ಕಾಣಬಾರದೆಂದೇ ಹೊರಟ ಸೇನೆ.

ಈ ಕ್ರೀಡೆಯ ಪೂರ್ವೋತ್ತರವನ್ನು ಎರಡು ಮಾತಿನಲ್ಲಿ ಹೇಳಬಹುದು. ನಮ್ಮ ದೇಶದ ಚತುರಂಗವು ಪಾರಸೀಕ, ಅರಬ್ ದೇಶಗಳನ್ನು ಹಾದು ಯೂರೋಪಿಗೆ ಸೇರಿತಷ್ಟೆ. ಅದರ ಮನೆಗಳನ್ನು ಹೆಚ್ಚಿಸಿ, ನೆಲಕ್ಕೆ ನದಿ ಬೆಟ್ಟಗಳ ಬಣ್ಣವನ್ನು ಕೊಟ್ಟು, 1780ರಲ್ಲಿ ಜರ್ಮನಿಯ ಹೆಲ್‌ವಿಗ್ ಯುದ್ಧದಾಟವೊಂದನ್ನು ರಚಿಸಿದನು. 1824ರಲ್ಲಿ ರೈಸ್‌ವಿಟ್ಸ್ ಎಂಬ ಪ್ರಷ್ಯದ ಸೇನಾಧಿಕಾರಿಯು ಮನೆಗಳನ್ನೇ ಕಿತ್ತುಹಾಕಿ, ನಕ್ಷೆಯ ಮೇಲೆ ಅಳತೆಗೋಲಿನಿಂದಲೂ ದಾಳದಿಂದಲೂ ಆಡುವ ಪದ್ಧತಿಯನ್ನು ತಂದನು. ಸೈನಿಕಶಿಕ್ಷಣದ ಸಾಧನವಾಗಿದ್ದ ಇದನ್ನು ಮನೆಯ ನೆಲದ ಮೇಲಿನ ವಿನೋದವಾಗಿ ಮಾರ್ಪಡಿಸಿ 1913ರಲ್ಲಿ ಪುಸ್ತಕ ಬರೆದವನು ಕಾದಂಬರಿಕಾರ ಎಚ್. ಜಿ. ವೆಲ್ಸ್. ಪ್ರಾಚೀನ ಯುದ್ಧಗಳನ್ನಾಡುವವರಲ್ಲಿ ಬಹುಮಂದಿಗೆ ಪ್ರಿಯವಾದದ್ದು 1990ರಲ್ಲಿ ಫಿಲ್ ಬಾರ್ಕರ್ ಮೊದಲಾದವರು ಹೊರತಂದ ‘ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್’ ಎಂಬ ನಿಯಮಾವಳಿ. ಇದರಲ್ಲಿ ಪ್ರತಿಯೊಂದು ಸೇನೆಗೂ ಹನ್ನೆರಡೇ ತುಕಡಿಗಳು. ಒಂದೊಂದು ತುಕಡಿಯೂ ಒಂದೇ ಅಗಲದ ಪೀಠದ ಮೇಲೆ ಅಂಟಿಸಿದ, ಸಾಮಾನ್ಯವಾಗಿ ಎರಡು, ಮೂರು ಇಲ್ಲವೆ ನಾಲ್ಕು ಬೊಂಬೆಗಳ ಸಾಲು. ದಾಸರ ದಂಗೆಗಳ ಸೇನೆಗೂ ಇದರ ಪಟ್ಟಿಗಳಲ್ಲಿ ಸ್ಥಾನವುಂಟು. ಹನ್ನೆರಡು ತುಕಡಿಗಳೆಂದರೆ ಒಬ್ಬ ಮನುಷ್ಯನು ತನ್ನ ಬಿಡುವಿನ ವೇಳೆಯಲ್ಲಿ ಅಕ್ಕರೆಯಿಂದ ಬಣ್ಣ ಬಳಿದು ಮುಗಿಸಬಹುದಾದಷ್ಟು. ಸೇನೆಯೊಂದನ್ನು ಆಲೋಚಿಸಿ ಕಟ್ಟಲು ಇದಕ್ಕಿಂತ ಒಳ್ಳೆಯ ಪ್ರಮಾಣವು ನನಗೆ ತೋರದು.

ಗ್ಲೇಡಿಯೇಟರ್ ಎಂದೊಡನೆ ಬೊಂಬೆಗಳನ್ನು ಕೊಳ್ಳುವವನ ಕಣ್ಣು ಹರಿಯುವುದು ಎಲ್ಲಿಗೆಂಬುದು ಸ್ಪಷ್ಟವೇ. ಬಲೆಯನ್ನೂ ತ್ರಿಶೂಲವನ್ನೂ ಹಿಡಿದ ರೇಟಿಯಾರಿಯಸ್, ಆ ಬಲೆ ತೊಡರದಂತೆ ನುಣುಪಾದ ಶಿರಸ್ತ್ರಾಣವನ್ನು ತೊಟ್ಟು, ಎರಡು ಸಣ್ಣ ರಂಧ್ರಗಳಿಂದ ಮಾತ್ರ ಜಗತ್ತನ್ನು ನೋಡುವ ಸೆಕ್ಯುಟರ್, ಎತ್ತರದ ಶಿಖೆಯ ಕೆಳಗೆ ದೊಡ್ಡ ಗುರಾಣಿಯನ್ನು ಒಡ್ಡಿ ನಿಂತ ಮುರ್ಮಿಲ್ಲೊ, ಇವರು ಎಷ್ಟು ಸುಂದರರಾಗಿದ್ದಾರೆಂದರೆ ಒಬ್ಬೊಬ್ಬರನ್ನೂ ಸೇನೆಯ ಮುಂಚೂಣಿಯಲ್ಲಿ ನಿಲ್ಲಿಸಬೇಕೆಂಬ ಆಸೆ ಸಹಜವಾಗಿಯೇ ಹುಟ್ಟುತ್ತದೆ. ಆದರೆ ಸ್ಪಾರ್ಟಕಸನು ಗರಡಿಯಲ್ಲಿದ್ದ ಗಣರಾಜ್ಯದ ಕಾಲದಲ್ಲಿ ಅಖಾಡಕ್ಕಿಳಿಯುತ್ತಿದ್ದವರು, ರೋಮ್ ಗೆದ್ದ ಶತ್ರುಗಳ ವೇಷವನ್ನು ತೊಟ್ಟ ಸ್ಯಾಮ್ನೈಟ್, ಗಾಲ್ ಮತ್ತು ಥ್ರೇಸಿಯನ್ ವರ್ಗದವರು; ಬಲೆಗಾರನೂ ಅವನ ಬೆನ್ನಟ್ಟುವ ಸೆಕ್ಯುಟರನೂ ಸಾಮ್ರಾಜ್ಯಯುಗದ ಸೃಷ್ಟಿ. ಎಲ್ಲರ ಕಲ್ಪನೆಯಲ್ಲಿಯೂ ಗ್ಲೇಡಿಯೇಟರುಗಳ ಹಿಂದೆ ಎದ್ದು ನಿಲ್ಲುವ ಕೊಲೊಸಿಯಮ್ ಉದ್ಘಾಟನೆಯಾದದ್ದು ಕ್ರಿ.ಶ. 80ರಲ್ಲಿ, ಎಂದರೆ ಕಾಪುವಾದ ದಂಗೆಯಾಗಿ ಒಂದೂವರೆ ಶತಮಾನ ಕಳೆದ ಮೇಲೆ. 1960ರಲ್ಲಿ ತೆರೆಕಂಡ ಸ್ಟ್ಯಾನ್ಲಿ ಕ್ಯೂಬ್ರಿಕ್‌ನ ‘ಸ್ಪಾರ್ಟಕಸ್’ ಚಲಚ್ಚಿತ್ರದಲ್ಲಿ ನಾಯಕನ ಎದುರಿಗೆ ಬಲೆ ತ್ರಿಶೂಲಗಳನ್ನು ಹಿಡಿದವನು ನಿಂತದ್ದರಿಂದ ಈ ಕಾಲವ್ಯತ್ಯಾಸವು ಜನಮನದಲ್ಲಿ ಬೇರೂರಿತು. ವಿಜ್ಞಾನಕಲ್ಪನೆಯ ಯುದ್ಧಕ್ರೀಡೆಗಳಲ್ಲಿ, 1987ರಲ್ಲಿ ಹುಟ್ಟಿದ ‘ವಾರ್‌ಹ್ಯಾಮರ್ 40,000’ದಂಥವುಗಳಲ್ಲಿ, ಅಖಾಡದ ದಾಸನಾಗಿ ಬೆಳೆದು ದಂಗೆಯೆದ್ದ ಆಂಗ್ರಾನ್‌ನಂಥ ಪಾತ್ರಗಳುಂಟು, ಅಲ್ಲಿ ವೇಷಭೂಷಣವು ಕರ್ತೃವಿನ ಇಚ್ಛಾನುಸಾರ, ಆ ಕುರಿತು ತರ್ಕವಿಲ್ಲ. ಚರಿತ್ರೆಯ ಹೆಸರನ್ನು ಪೀಠದ ಕೆಳಗೆ ಬರೆದುಕೊಳ್ಳುವ ಸೇನೆಗೆ ಮಾತ್ರ ಚರಿತ್ರೆಯ ಋಣವುಂಟು.

ಹಾಗಾದರೆ ಆ ಸೇನೆಯಲ್ಲಿ ಇದ್ದವರು ಯಾರು? ವೆಸೂವಿಯಸ್ ಪರ್ವತದ ಶಿಖರದಲ್ಲಿ 3,000 ಮಂದಿಯ ರೋಮನ್ ಪಡೆಯು ತಮ್ಮನ್ನು ಮುತ್ತಿ, ಇಳಿಯಲಿದ್ದ ಒಂದೇ ದಾರಿಯನ್ನು ಕಾಯುತ್ತಿರಲು, ಕಾಡುದ್ರಾಕ್ಷಿಯ ಬಳ್ಳಿಗಳನ್ನು ಹೆಣೆದು ಏಣಿಮಾಡಿ, ಕಡಿದಾದ ಬಂಡೆಯ ಮಗ್ಗುಲಿನಿಂದಿಳಿದು ಶತ್ರುಶಿಬಿರವನ್ನು ಹಿಂದಿನಿಂದ ಬಡಿದವರು ಆ ಗರಡಿಯವರೇ ಸರಿ. ಆದರೆ ಆ ಗೆಲುವಿನ ಮೇಲೆ ಅವರನ್ನು ಕೂಡಿಕೊಂಡವರು ಸುತ್ತಲ ದನಗಾಹಿಗಳು, ಕುರುಬರು, ದೊಡ್ಡ ಜಮೀನುಗಳಿಂದ ಓಡಿಬಂದ ಆಳುಗಳು. ಮೈಕಟ್ಟಿನಲ್ಲಿ ಗಟ್ಟಿಗರೂ ಕಾಲ್ನಡಿಗೆಯಲ್ಲಿ ಚುರುಕಾದವರೂ ಆದ ಈ ಕುರುಬರಲ್ಲಿ ಕೆಲವರಿಗೆ ಪೂರ್ಣಾಯುಧಗಳನ್ನು ಕೊಟ್ಟು, ಉಳಿದವರನ್ನು ಬೇಹಿನವರನ್ನಾಗಿಯೂ ಹಗುರ ಕಾಲಾಳುಗಳನ್ನಾಗಿಯೂ ಬಳಸಿಕೊಂಡರೆಂದು ಪ್ಲುಟಾರ್ಕನು ಹೇಳುತ್ತಾನೆ. ದಾರಿಯಲ್ಲಿ ಸಿಕ್ಕಿದ ಕುದುರೆಗಳ ಹಿಂಡನ್ನು ಪಳಗಿಸಿ ಅಶ್ವಬಲವನ್ನು ಮಾಡಿಕೊಂಡರೆಂಬುದು ಫ್ಲೋರಸನ ಮಾತು. ಕಡೆಗೆ ಈ ಸೇನೆಯ ಸಂಖ್ಯೆ 1,20,000 ಮುಟ್ಟಿತೆಂದು ಅಪ್ಪಿಯನ್ ಎಣಿಸುತ್ತಾನೆ. ಆ ಅಂಕೆಯನ್ನು ಎಷ್ಟು ಇಳಿಸಿ ನೋಡಿದರೂ 78 ಮಂದಿಯು ಅದರಲ್ಲಿ ಎಷ್ಟನೆಯ ಪಾಲು! ಮೇಜಿನ ಮೇಲಿನ ಒಂದು ತುಕಡಿಯು ನೂರಾರು ಯೋಧರಿಗೆ ಪ್ರತಿನಿಧಿಯಾದ ಮೇಲೆ, ಅಪ್ಪಟ ಗ್ಲೇಡಿಯೇಟರುಗಳದೇ ಆದ ಒಂದು ಪೀಠವನ್ನು ನಿಲ್ಲಿಸಿದರೂ ಅದು ಅತಿಶಯೋಕ್ತಿಯಾಗುತ್ತದೆ.

ಆದುದರಿಂದ ಈ ಸೇನೆಯನ್ನು ಕಟ್ಟುವುದಕ್ಕೆ ನನಗೆ ಯುಕ್ತವಾಗಿ ಕಾಣುವ ಕ್ರಮವೆಂದರೆ ಗ್ಲೇಡಿಯೇಟರುಗಳನ್ನು ಒಂದೆಡೆ ಗುಂಪುಗೂಡಿಸದೆ, ಪ್ರತಿಯೊಂದು ಪೀಠದಲ್ಲಿಯೂ ಒಬ್ಬೊಬ್ಬನನ್ನು, ಮುಂದಿನ ಸಾಲಿನ ಅಂಚಿನಲ್ಲಿ, ಉಳಿದವರಿಗೆ ದಾರಿ ತೋರುವ ನಾಯಕನಂತೆ ನಿಲ್ಲಿಸುವುದು. ಅವನ ಮೈಮೇಲೆ ಪೂರ್ವಜೀವನದ ಒಂದೇ ಗುರುತು ಉಳಿದಿರಲಿ: ಬಲತೋಳಿಗೆ ಸುತ್ತಿದ ದಪ್ಪ ಬಟ್ಟೆಯ ತೋಳ್ಕವಚವೋ, ಥ್ರೇಸಿಯನ್ನನ ಬಾಗುಗತ್ತಿಯೋ. ಉಳಿದುದೆಲ್ಲವೂ ಸತ್ತ ರೋಮನ್ ಸೈನಿಕರಿಂದ ಬಿಚ್ಚಿಕೊಂಡ ಸರಪಳಿ ಅಂಗಿ, ಎತ್ತಿಕೊಂಡ ಗುರಾಣಿ, ಅಳತೆಗೆ ಹೊಂದದ ಶಿರಸ್ತ್ರಾಣ. ಹೀಗೆ ಮಾಡಿದಾಗ ಮೇಜಿನ ಎದುರುಬದಿಯಿಂದ ನೋಡುವವನಿಗೆ ಮೊದಲು ಒಂದು ಬಡಕಲು ಸೇನೆ ಕಾಣುತ್ತದೆ. ಬಾಗಿ ಹತ್ತಿರದಿಂದ ನೋಡಿದ ಮೇಲೆಯೇ, ಒಂದೊಂದು ಗುಂಪಿನ ತುದಿಯಲ್ಲಿಯೂ ಕಾಲಿನ ನಿಲುವು ಬೇರೆಯಾದ, ಕತ್ತಿ ಹಿಡಿದ ರೀತಿ ಬೇರೆಯಾದ ಒಬ್ಬನಿದ್ದಾನೆಂಬುದು ತಿಳಿಯುತ್ತದೆ.

ಗುರಾಣಿಗಳ ವಿಷಯವನ್ನು ಕೊಂಚ ವಿಸ್ತರಿಸಿ ಹೇಳಬೇಕು, ಏಕೆಂದರೆ ಈ ಸೇನೆಯ ಜೀವವಿರುವುದು ಅಲ್ಲಿ. ಬೆತ್ತದಂಥ ಕಡ್ಡಿಗಳನ್ನು ಹೆಣೆದು ಮೇಲೆ ಪ್ರಾಣಿಗಳ ಚರ್ಮವನ್ನು ಹೊದಿಸಿ ಅವರು ಗುರಾಣಿಗಳನ್ನು ಮಾಡಿಕೊಂಡರು. ದಾಸರನ್ನು ಕೂಡಿಹಾಕುತ್ತಿದ್ದ ಸೆರೆಮನೆಗಳ ಕಬ್ಬಿಣವನ್ನು ಕರಗಿಸಿ ಖಡ್ಗಗಳನ್ನೂ ಈಟಿಯ ಅಲಗುಗಳನ್ನೂ ಬಡಿದರು. ಇಂಥ ಗುರಾಣಿಯು 28 ಮಿಲಿಮೀಟರಿನ ಬೊಂಬೆಯೊಡನೆ ಸಿದ್ಧವಾಗಿ ಬರುವುದು ಅಪೂರ್ವ; ಅದನ್ನು ಕೈಯಾರೆ ಮಾಡಿಕೊಳ್ಳುವುದೇ ಲೇಸು. ಎರಡು ಬಣ್ಣದ ಪಟ್ಟಿಗಳನ್ನು ನಾದಿ ಬೆರಸಿದರೆ ಕೆಲವು ಗಂಟೆಗಳಲ್ಲಿ ಕಲ್ಲಾಗುವ ಎಪಾಕ್ಸಿ ಕಣಕವನ್ನು ತೆಳ್ಳಗೆ ಲಟ್ಟಿಸಿ, ಅದಿನ್ನೂ ಮೆದುವಾಗಿರುವಾಗಲೇ ಸೂಜಿಯ ಮೊನೆಯಿಂದ ನೇರ ಗೆರೆಗಳನ್ನೆಳೆದು, ಅವುಗಳಿಗೆ ಅಡ್ಡಲಾಗಿ ಒಂದು ಬಿಟ್ಟು ಒಂದರಂತೆ ಒತ್ತುತ್ತ ಹೋದರೆ ಹೆಣಿಗೆಯ ರೂಪವು ಮೂಡುತ್ತದೆ. ಅದು ಗಟ್ಟಿಯಾದ ಮೇಲೆ, ನೀರು ಬೆರಸಿದ ಬಿಳಿಯ ಅಂಟಿನಲ್ಲಿ ನೆನೆಸಿದ ತೆಳು ಟಿಶ್ಯೂ ಕಾಗದದ ಚೂರನ್ನು ಮೇಲೆ ಹೊದಿಸಿ, ಅಂಚಿನಲ್ಲಿ ಬೇಕೆಂದೇ ಹರಿದು ಒಳಗಿನ ಹೆಣಿಗೆಯು ಇಣುಕುವಂತೆ ಬಿಡಬೇಕು. ಒಣಗಿದಾಗ ಕಾಗದವು ತಾನಾಗಿಯೇ ಸುಕ್ಕುಗಟ್ಟಿ, ಹದಮಾಡದ ಹಸಿಚರ್ಮದ ಬಿಗಿತವನ್ನು ತಾಳುತ್ತದೆ. ಕಂದು, ಬೂದು, ಮಾಸಿದ ಬಿಳುಪುಗಳ ಮಚ್ಚೆಗಳನ್ನು ಹಾಕಿ, ತೆಳುವಾದ ಕಪ್ಪುಗಂದು ನೀರುಬಣ್ಣವನ್ನು ಸುಕ್ಕುಗಳೊಳಗೆ ಹರಿಯಬಿಟ್ಟು, ಒಣಗಿದ ಕುಂಚದಿಂದ ಉಬ್ಬುಗಳನ್ನು ಮೆಲ್ಲಗೆ ಸವರಿದರೆ ಕೆಲಸ ಮುಗಿಯಿತು. ಒಂದು ಗುರಾಣಿಯ ಚರ್ಮವು ಇನ್ನೊಂದರಂತಿರಬಾರದು. ಒಂದು ಹಸುವಿನದು, ಇನ್ನೊಂದು ಆಡಿನದು ಎಂದು ಮನಸ್ಸಿನಲ್ಲೇ ನಿಶ್ಚಯಿಸಿಕೊಂಡು ಬಣ್ಣ ಹಾಕುವವನ ಸೇನೆಯಲ್ಲಿ ಕುರುಬರು ತಾವಾಗಿ ಕಾಣಿಸಿಕೊಳ್ಳುತ್ತಾರೆ.

ಸೇನೆ ಸಿದ್ಧವಾಗಿ ಆಟಕ್ಕಿಳಿದಾಗ ನಿಯಮಗಳೇ ಚರಿತ್ರೆಯನ್ನು ನೆನಪಿಸುವುದು ಆಶ್ಚರ್ಯಕರವಾದದ್ದು. ಪ್ರತಿ ಸರದಿಯಲ್ಲಿಯೂ ಒಂದು ದಾಳವನ್ನುರುಳಿಸಿ, ಅದು ತೋರಿದಷ್ಟೇ ಚಲನೆಗಳನ್ನು ಮಾಡಬೇಕು; ಒತ್ತೊತ್ತಾಗಿ ನಿಂತ ಆರು ತುಕಡಿಗಳ ಸಾಲು ಒಂದೇ ಅಂಕದಲ್ಲಿ ಮುಂದೊತ್ತಬಹುದು, ಚದುರಿನಿಂತ ಆರಕ್ಕೆ ಆರು ಅಂಕಗಳು ಬೇಕು. ಗಾಲ್ ಮತ್ತು ಜರ್ಮನ್ ದಾಸರನ್ನು ಕಟ್ಟಿಕೊಂಡು ದಂಗೆಯ ಇನ್ನೊಬ್ಬ ನಾಯಕ ಕ್ರಿಕ್ಸಸನು ಬೇರೆಯಾಗಿ, ಗಾರ್ಗಾನಸ್ ಬೆಟ್ಟದ ಬಳಿ ತನ್ನವರಲ್ಲಿ ಮೂರನೆಯ ಎರಡು ಪಾಲಿನೊಡನೆ ಮಡಿದದ್ದನ್ನು ಬಲ್ಲ ಆಟಗಾರನು ಒಂದು ಅಂಕದ ದಾಳ ಬಿದ್ದಾಗ ಆ ವಿಭಜನೆಯ ಬೆಲೆಯನ್ನು ಅಂಗೈಯಲ್ಲಿ ಕಾಣುತ್ತಾನೆ. ಆದರೂ ಆ ಗಾಲರ ಗುಂಪನ್ನು ಬಿಟ್ಟರೆ ಗೆಲುವಿಲ್ಲ. ಇಂಥ ಆವೇಶದ ಕಾಲಾಳುಗಳು ಕಾಳಗದಲ್ಲಿ ಕೊಂಚ ಮೇಲುಗೈಯಾದರೂ ರೋಮನ್ ಖಡ್ಗಧಾರಿಗಳ ತುಕಡಿಯನ್ನು ಹಿಮ್ಮೆಟ್ಟಿಸುವುದರ ಬದಲು ಒಮ್ಮೆಲೇ ನಾಶಮಾಡುವ ವಿಶೇಷವನ್ನು ನಿಯಮಾವಳಿಯು ಕೊಟ್ಟಿದೆ. ರೋಮನ್ನರಿಗೆ ಸಮಯ ಕೊಟ್ಟರೆ ಅವರ ಸೇನಾನಿ ಕ್ರಾಸಸನ ಶಿಸ್ತು ಈ ಗಾಲರನ್ನು ಅರೆಯುತ್ತದೆ. ಬೆದರಿ ಓಡಿದ ತನ್ನದೇ ಸೈನಿಕರಲ್ಲಿ 500 ಮಂದಿಯನ್ನು ಆರಿಸಿ, ಹತ್ತರಲ್ಲೊಬ್ಬನನ್ನು ಕೊಲ್ಲಿಸಿ ಭಯದಿಂದ ಸೇನೆಯನ್ನು ಮರಳಿ ಕಟ್ಟಿದ ಸೇನಾನಿ ಅವನು.

ಬಲೆಗಾರನನ್ನು ಬಿಡಲೊಲ್ಲದವರಿಗೆ ಇನ್ನೊಂದು ಸೇನೆಯುಂಟು, ಅದನ್ನು ಕಟ್ಟುವವರು ವಿರಳವೆಂಬುದೇ ನನ್ನ ಖೇದ. ಕ್ರಿ.ಶ. 69ರಲ್ಲಿ, ಒಂದೇ ವರ್ಷದಲ್ಲಿ ನಾಲ್ವರು ರೋಮನ್ ಸಿಂಹಾಸನದ ಮೇಲೆ ಕುಳಿತ ಅಂತರ್ಯುದ್ಧದಲ್ಲಿ, ಸಾಮ್ರಾಟ ಓಥೋ ತನ್ನ ಪಡೆಗೆ 2,000 ಗ್ಲೇಡಿಯೇಟರುಗಳನ್ನು ಸೇರಿಸಿಕೊಂಡನೆಂದು ಟ್ಯಾಸಿಟಸನು ಬರೆಯುತ್ತಾನೆ. ಮಾರ್ಶಿಯಸ್ ಮಾಸರನ ನಾಯಕತ್ವದಲ್ಲಿ ಇವರು ಪೋ ನದಿಯನ್ನು ದಾಟಿ ಕ್ರೆಮೋನಾದ ಬಳಿ ಶತ್ರುಗಳನ್ನು ಓಡಿಸಿದ್ದೂ ಉಂಟು. ಆದರೆ ನದಿಯ ನಡುಗಡ್ಡೆಗಾಗಿ ನಡೆದ ಹೋರಾಟದಲ್ಲಿ, ತೂಗಾಡುವ ದೋಣಿಗಳ ಮೇಲೆ ನಿಂತು ಗುರಿಯಿಡಲಾರದೆ, ನೆಲದ ಮೇಲೆ ಕಾಲೂರಿ ನಿಂತ ಜರ್ಮನ್ನರಿಗೆ ಸೋತರು. ಒಬ್ಬನೆದುರು ಒಬ್ಬನಾಗಿ ಹೋರಾಡಲು ಕಲಿತವರಿಗೆ ಸೈನಿಕರ ಸ್ಥೈರ್ಯವು ಒದಗಲಿಲ್ಲ. ಎರಡು ಮೂರು ದೋಣಿಗಳು, ಬಾಗಿ ತೂಗುವ ಬೊಂಬೆಗಳು, ಮೇಜಿನುದ್ದಕ್ಕೂ ಹರಿಯುವ ಒಂದು ನದಿ: ಗ್ಲೇಡಿಯೇಟರುಗಳನ್ನು ಗ್ಲೇಡಿಯೇಟರುಗಳೆಂದೇ ಆಡಿಸಬಯಸುವವನಿಗೆ ಇದಕ್ಕಿಂತ ಉಚಿತವಾದ ಯುದ್ಧವಿಲ್ಲ.

ಸ್ಪಾರ್ಟಕಸನ ಸೇನೆಗೆ ಹನ್ನೆರಡು ತುಕಡಿಗಳಲ್ಲದೆ ಶಿಬಿರವೊಂದು ಬೇಕು. ಬೆಂಗಾವಲಿಲ್ಲದಿದ್ದರೆ ಶತ್ರುವು ಅದನ್ನು ಸೂರೆಮಾಡಬಹುದು. ಬಹುತೇಕ ಆಟಗಾರರು ಒಂದು ಡೇರೆಯನ್ನಿಟ್ಟು ಕೈತೊಳೆದುಕೊಳ್ಳುತ್ತಾರೆ. ಈ ಸೇನೆಯ ಮಟ್ಟಿಗೆ ಶಿಬಿರವೇ ಅತಿ ಹೆಚ್ಚಿನ ಶ್ರಮಕ್ಕೆ ಯೋಗ್ಯವಾದದ್ದು. ಚಿನ್ನ ಬೆಳ್ಳಿಗಳನ್ನು ತರಕೂಡದೆಂದು ವರ್ತಕರಿಗೆ ನಿಷೇಧಿಸಿ, ಕಬ್ಬಿಣ ತಾಮ್ರಗಳನ್ನು ಮಾತ್ರ ಹೇರಳವಾಗಿ ಕೊಂಡವನ ಶಿಬಿರದಲ್ಲಿ ಕುಲುಮೆಯಿರಬೇಕು, ತಿದಿಯೊತ್ತುವವನಿರಬೇಕು, ಕಡ್ಡಿ ಹೆಣೆಯುವ ಹೆಂಗಸರಿರಬೇಕು. ಅವನದೇ ಬುಡಕಟ್ಟಿನವಳೂ ಡಯೋನಿಸಸ್ ದೇವರ ಆವೇಶವುಳ್ಳ ಕಾಲಜ್ಞಾನಿಯೂ ಆಗಿದ್ದ ಅವನ ಹೆಂಡತಿಯೂ ಅವರ ನಡುವೆ ನಿಲ್ಲಬಹುದು. ಕೊಂಡುತಂದ ಬೊಂಬೆಗಳಲ್ಲಿ ಮಿಕ್ಕ ಜಾಲಂಧ್ರದ ಮುಖವಾಡಗಳನ್ನೂ, ಗ್ರಿಫಿನ್ ಎಂಬ ಕಲ್ಪಿತ ಪ್ರಾಣಿಯ ಶಿಖೆಯುಳ್ಳ ಥ್ರೇಸಿಯನ್ ಶಿರಸ್ತ್ರಾಣಗಳನ್ನೂ ಎಸೆಯದೆ ಎತ್ತಿಟ್ಟಿದ್ದವನು ಅವನ್ನು ಉಪಯೋಗಿಸಬೇಕಾದುದು ಇಲ್ಲಿಯೇ: ನೇಪಲ್ಸಿನ ವಸ್ತುಸಂಗ್ರಹಾಲಯದಲ್ಲಿರುವ ಪೊಂಪೇಯಿಯ ಶಿರಸ್ತ್ರಾಣಗಳ ಚಿತ್ರವನ್ನು ಎದುರಿಗಿಟ್ಟುಕೊಂಡು ಒಂದೊಂದಕ್ಕೂ ಕಂಚಿನ ಹೊಳಪನ್ನು ಶ್ರದ್ಧೆಯಿಂದ ಕೊಟ್ಟು, ಅನಂತರ ಅವನ್ನೆಲ್ಲ ಕುಲುಮೆಯ ಪಕ್ಕದಲ್ಲಿ, ಕರಗಲು ಕಾದಿರುವ ಲೋಹದ ರಾಶಿಯಾಗಿ ಸುರಿದಿಡಬೇಕು.