ಹಳೆಯ ಜೀಪಿನ ಕಾರ್ಬುರೇಟರ್: ತಿರುಪು ಮುಟ್ಟುವ ಮುನ್ನ

ಕಳೆದ ಬೇಸಿಗೆಯ ಮಾತು. ನಿಪ್ಪಾಣಿ ಭಾಗದ ರೈತರೊಬ್ಬರು ನಸುಕಿನಲ್ಲೇ ತಮ್ಮ ಹಳೆಯ ಪೆಟ್ರೋಲ್ ಜೀಪ್ ಪಿಕಪ್ಪಿಗೆ ಬದನೆಕಾಯಿ ಹೇರಿಕೊಂಡು ಬೆಳಗಾವಿ ಮಾರುಕಟ್ಟೆಗೆ ಹೊರಟರು. ಸಪಾಟು ರಸ್ತೆಯಲ್ಲಿ ಸರಿಯಾಗಿಯೇ ಓಡಿದ ಗಾಡಿ ತವಂದಿ ಘಾಟಿನ ಏರು ಹತ್ತುವಾಗ ಜಗ್ಗಿತು, ಎರಡು ಸಲ ಕೆಮ್ಮಿತು, ನಿಂತೇಬಿಟ್ಟಿತು. ಬೇರೆ ಗಾಡಿ ಹುಡುಕಿ ಮಾಲು ಮುಟ್ಟಿಸುವಷ್ಟರಲ್ಲಿ ಲಿಲಾವು ಮುಗಿದಿತ್ತು. ಬಾಡಿದ ಕಾಯಿಯನ್ನು ಕೇಳಿದ ದರಕ್ಕೆ ಕೊಟ್ಟು ಬಂದರು. ಅದೇ ತಿಂಗಳು ಅವರು ಮೂರು ಸಲ ಕಾರ್ಬುರೇಟರ್ ‘ಟ್ಯೂನ್’ ಮಾಡಿಸಿದ್ದರು!

ಮರುದಿನ ಅನುಭವಸ್ಥ ಮಿಸ್ತ್ರಿಯೊಬ್ಬರನ್ನು ಕರೆದುಕೊಂಡು ಹೋಗಿ ನೋಡಿದೆವು. ಟ್ಯಾಂಕಿನಿಂದ ಪಂಪಿಗೆ ಬರುವ ರಬ್ಬರ್ ನಳಿಗೆಯಲ್ಲಿ ಸಣ್ಣ ಬಿರುಕು ಬಿಟ್ಟಿತ್ತು. ಪಂಪು ಪೆಟ್ರೋಲಿನೊಡನೆ ಗಾಳಿಯನ್ನೂ ಹೀರುತ್ತಿತ್ತು. ಫ್ಲೋಟ್ ಬಟ್ಟಲಿನ ತಳದಲ್ಲಿ ಕಂದು ಬಣ್ಣದ ಕೆಸರು ಕೂತಿತ್ತು. ಗೇಣುದ್ದ ನಳಿಗೆ ಬದಲಿಸಿ, ಬಟ್ಟಲು ತೊಳೆದದ್ದಕ್ಕೆ ಗಾಡಿ ಘಾಟು ಹತ್ತಿತು. ಅಷ್ಟು ಸಲ ತಿರುವಿದ ತಿರುಪಿಗೂ ಈ ದೋಷಕ್ಕೂ ಸಂಬಂಧವೇ ಇರಲಿಲ್ಲ.

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಕಡೆಯೂ ಕಾಯಿಪಲ್ಲೆ, ದ್ರಾಕ್ಷಿ, ಗೊಬ್ಬರ ಸಾಗಿಸಲು ಇಂಥ ಹಳೆಯ ಗಾಡಿ ಇಟ್ಟುಕೊಂಡವರು ಇದ್ದಾರೆ. ಡೀಸೆಲ್ ಎಂಜಿನ್ ಕೂಡಿಸಿದ ಜೀಪಿಗೆ ಕಾರ್ಬುರೇಟರ್ ಇರುವುದಿಲ್ಲ. ಪೆಟ್ರೋಲ್ ಎಂಜಿನ್ ಉಳಿಸಿಕೊಂಡವರಿಗಾಗಿ ಈ ಲೇಖನ.

ನಮ್ಮದೇ ಕಬ್ಬು, ನಮ್ಮದೇ ಟ್ಯಾಂಕು

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲು ಮೊದಲಿನದಲ್ಲ. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ಶೇ. 20 ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ಚಾಲನೆ ದೊರೆಯಿತು. 2025ರ ಹೊತ್ತಿಗೆ ದೇಶದಾದ್ಯಂತ ಆ ಪ್ರಮಾಣ ರೂಢಿಗೆ ಬಂತು. ಎಥನಾಲ್ ಬರುವುದು ಕಬ್ಬಿನಿಂದ ಮತ್ತು ಧಾನ್ಯದಿಂದ. ಉಗಾರದ ಸಕ್ಕರೆ ಕಾರ್ಖಾನೆಯಲ್ಲೂ ಡಿಸ್ಟಿಲರಿ ಇದೆ. ನಮ್ಮ ಕಬ್ಬಿಗೆ ಇದರಿಂದ ಗಿರಾಕಿ ಹೆಚ್ಚಿದ್ದು ಒಳ್ಳೆಯದೇ. ಆದರೆ ನಾಲ್ಕು ದಶಕದ ಹಿಂದಿನ ಕಾರ್ಬುರೇಟರ್ ಈ ಬೆರಕೆಗೆಂದು ಮಾಡಿದ್ದಲ್ಲ ಎಂಬುದನ್ನು ಗಾಡಿಯ ಮಾಲೀಕರು ತಿಳಿದಿರಬೇಕು.

ಎಥನಾಲಿನಿಂದ ನಾಲ್ಕು ಪರಿಣಾಮಗಳುಂಟು. ಒಂದು, ಹಳೆಯ ಜಾತಿಯ ರಬ್ಬರ್ ನಳಿಗೆ, ವಾಷರು, ಪಂಪಿನ ಡಯಾಫ್ರಾಮು ಊದಿಕೊಳ್ಳುತ್ತವೆ ಅಥವಾ ಬಿರುಕು ಬಿಡುತ್ತವೆ. ಎರಡು, ಟ್ಯಾಂಕಿನಲ್ಲಿ ವರ್ಷಗಟ್ಟಲೆ ಅಂಟಿಕೊಂಡಿದ್ದ ಜಿಗುಟು ಸಡಿಲಾಗಿ ಕಾರ್ಬುರೇಟರಿಗೆ ಬರುತ್ತದೆ. ಮೂರು, ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರು ಮಿತಿಮೀರಿದರೆ ಎರಡೂ ಸೇರಿ ತಳಕ್ಕೆ ಇಳಿಯುತ್ತವೆ. ನಾಲ್ಕು, ಒಂದು ಕಿಲೋ ಪೆಟ್ರೋಲ್ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕಾದರೆ ಎಥನಾಲಿಗೆ ಸುಮಾರು 9 ಕಿಲೋ ಸಾಕು. ಆದ್ದರಿಂದ ಹಳೆಯ ಜೆಟ್ ಮೊದಲಿನ ಅಳತೆಯಲ್ಲೇ ಇಂಧನ ಬಿಟ್ಟರೆ ಮಿಶ್ರಣ ತೆಳುವಾಗುತ್ತದೆ. ಏರಿನಲ್ಲಿ ಎಂಜಿನ್ ಕಾಯುತ್ತದೆ, ಜಗ್ಗುತ್ತದೆ.

ಎಥನಾಲಿನ ಕಾವು ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಮಾತ್ರ. ಬೆರಕೆಯಲ್ಲಿ ಲೀಟರಿಗೆ ಶೇ. 6ರಿಂದ 7ರಷ್ಟು ಕಾವು ಕಡಿಮೆ. ಅಷ್ಟರ ಮಟ್ಟಿಗೆ ಮೈಲೇಜು ಇಳಿದರೆ ಅದು ಕಾರ್ಬುರೇಟರಿನ ದೋಷವಲ್ಲ. ತಿರುಪು ತಿರುವಿ ಅದನ್ನು ಮರಳಿ ಪಡೆಯಲಾಗದು.

ಮೊದಲು ನೋಡಬೇಕಾದವು

ಕಾರ್ಬುರೇಟರ್ ಬಿಚ್ಚುವ ಮುನ್ನ ಈ ಕ್ರಮದಲ್ಲಿ ಪರೀಕ್ಷಿಸಿರಿ:

1. ಗಾಳಿ ಶೋಧಕ: ಜೀಪಿನಲ್ಲಿರುವುದು ಎಣ್ಣೆ ಬಟ್ಟಲಿನ ಶೋಧಕ. ಕಬ್ಬಿನ ಹಂಗಾಮಿನಲ್ಲಿ ನಮ್ಮ ರಸ್ತೆಗಳ ಧೂಳಿಗೆ ಅದು ಬೇಗ ಕಟ್ಟುತ್ತದೆ. ಕಟ್ಟಿದರೆ ಹೊಗೆ ಕಪ್ಪಾಗುತ್ತದೆ. ಬಟ್ಟಲು ತೊಳೆದು ಗುರುತಿನವರೆಗೆ ಮಾತ್ರ ಹೊಸ ಎಣ್ಣೆ ಹಾಕಿರಿ.

2. ಪ್ಲಗ್ಗು ಮತ್ತು ಪಾಯಿಂಟು: ಜೀಪಿನ ಹರಿಕೇನ್ ಎಂಜಿನ್ನಿಗೆ ಪ್ಲಗ್ಗಿನ ಸಂದು 0.75 ಮಿ.ಮೀ., ಪಾಯಿಂಟಿನ ಸಂದು 0.5 ಮಿ.ಮೀ. ಇರಬೇಕು. ಕಣ್ಣಳತೆ ಬೇಡ, ಫೀಲರ್ ಗೇಜಿನಿಂದ ಅಳೆಯಿರಿ. ಇಲ್ಲಿಯ ದೋಷವನ್ನೇ ಅನೇಕರು ಕಾರ್ಬುರೇಟರಿನ ತಲೆಗೆ ಕಟ್ಟುತ್ತಾರೆ.

3. ಪೆಟ್ರೋಲಿನ ದಾರಿ: ಟ್ಯಾಂಕಿನಿಂದ ಕಾರ್ಬುರೇಟರಿನವರೆಗೆ ಎಲ್ಲ ನಳಿಗೆಗಳನ್ನು ಬಗ್ಗಿಸಿ ನೋಡಿರಿ. ಮೆತ್ತಗಾಗಿದ್ದರೆ, ಬಿರುಕಿದ್ದರೆ ಎಥನಾಲ್ ತಾಳುವ ನಳಿಗೆಯನ್ನೇ ಕೇಳಿ ತಂದು ಹಾಕಿರಿ. ಎಂಜಿನ್ ಎಣ್ಣೆಯ ಕಡ್ಡಿ ತೆಗೆದು ಮೂಸಿರಿ. ಪೆಟ್ರೋಲಿನ ವಾಸನೆ ಜೋರಾಗಿದ್ದರೆ ಪಂಪಿನ ಡಯಾಫ್ರಾಮು ಹರಿದಿರಬಹುದು. ಅಂಥ ಗಾಡಿಯನ್ನು ಓಡಿಸಬಾರದು.

4. ಗಾಳಿ ಸೋರಿಕೆ: ಕಾರ್ಬುರೇಟರಿನ ಬುಡದ ನಟ್ಟು ಬಿಗಿಯಾಗಿವೆಯೇ ನೋಡಿರಿ. ಎಂಜಿನ್ ಓಡುತ್ತಿರುವಾಗ ಗ್ಯಾಸ್ಕೆಟ್ಟಿನ ಸುತ್ತ ಕುಂಚದಿಂದ ಸಾಬೂನು ನೀರು ಸವರಿರಿ. ಎಂಜಿನ್ನಿನ ಸದ್ದು ಬದಲಾದರೆ ಅಲ್ಲಿ ಗಾಳಿ ಒಳಹೋಗುತ್ತಿದೆ. ಈ ಪರೀಕ್ಷೆಗೆ ಪೆಟ್ರೋಲನ್ನು ಎಂದೂ ಬಳಸಬಾರದು.

5. ಚೋಕ್: ಗುಂಡಿಯನ್ನು ಒಳಗೆ ನೂಕಿದಾಗ ಒಳಗಿನ ತಗಡು ಪೂರ್ತಿ ತೆರೆದು ನಿಲ್ಲಬೇಕು. ತಂತಿ ಜಂಗು ಹಿಡಿದು ತಗಡು ಅರ್ಧದಲ್ಲಿ ನಿಂತರೆ ಪೆಟ್ರೋಲ್ ಹಾಳು.

ಬಟ್ಟಲು, ಫ್ಲೋಟು, ಜೆಟ್ಟು

ಮೇಲಿನವೆಲ್ಲ ಸರಿಯಿದ್ದರೆ ಮಾತ್ರ ಕಾರ್ಬುರೇಟರಿಗೆ ಕೈಹಾಕಿರಿ. ಮೊದಲು ಬ್ಯಾಟರಿಯ ತಂತಿ ಕಳಚಿರಿ. ತಂಬಾಕಿನ ನಾಡಿನವರಿಗೆ ಹೇಳುವುದು ಕಷ್ಟ, ಆದರೂ ಬೀಡಿ ದೂರವಿರಲಿ. ಫ್ಲೋಟ್ ಬಟ್ಟಲಿನ ಪೆಟ್ರೋಲನ್ನು ಗಾಜಿನ ಶೀಶೆಗೆ ಬಸಿದು ಬೆಳಕಿಗೆ ಹಿಡಿಯಿರಿ. ತಳದಲ್ಲಿ ನೀರಿನ ಪದರವೋ ಕೆಸರೋ ಕಂಡರೆ ಟ್ಯಾಂಕನ್ನೂ ತೊಳೆಯಬೇಕು.

ಹಿತ್ತಾಳೆಯ ಫ್ಲೋಟನ್ನು ಕಿವಿಯ ಬಳಿ ಅಲುಗಿಸಿರಿ. ಒಳಗೆ ಪೆಟ್ರೋಲ್ ಸದ್ದು ಮಾಡಿದರೆ ಫ್ಲೋಟು ತೂತಾಗಿದೆ. ಅದು ಮುಳುಗಿ ಬಟ್ಟಲು ತುಂಬಿ ಹರಿಯುತ್ತದೆ. ಜೆಟ್ಟನ್ನು ಗಾಳಿ ಊದಿ ಸ್ವಚ್ಛಗೊಳಿಸಬೇಕೇ ಹೊರತು ತಂತಿ, ಸೂಜಿ ಚುಚ್ಚಬಾರದು. ರಂಧ್ರ ಸ್ವಲ್ಪ ಅಗಲವಾದರೂ ಇಂಧನದ ಅಳತೆ ತಪ್ಪುತ್ತದೆ. ಜೋಡಿಸಿ, ಬಟ್ಟಲು ತುಂಬಿದ ಮೇಲೆ ಎಂಜಿನ್ ನಿಲ್ಲಿಸಿಯೇ ಆಕ್ಸಿಲರೇಟರ್ ಎಳೆದು ಗಂಟಲೊಳಗೆ ನೋಡಿರಿ. ಪೆಟ್ರೋಲಿನ ಧಾರೆ ಚಿಮ್ಮಬೇಕು. ಚಿಮ್ಮದಿದ್ದರೆ ಒಳಗಿನ ಚಿಕ್ಕ ಪಂಪು ಕೆಟ್ಟಿದೆ.

ಕಡೆಗೆ ತಿರುಪು

ತಿರುಪುಗಳು ಎರಡು. ಒಂದು ಎಂಜಿನ್ ನಿಂತಲ್ಲೇ ಓಡುವ ವೇಗದ್ದು, ಮಿಸ್ತ್ರಿಗಳು ‘ಸ್ಲೋ’ ಎನ್ನುತ್ತಾರೆ. ಇನ್ನೊಂದು ಆ ವೇಗದಲ್ಲಿ ಗಾಳಿ-ಪೆಟ್ರೋಲ್ ಬೆರಕೆಯದು. ಬೆರಕೆಯ ತಿರುಪು ಸ್ಲೋ ಓಟಕ್ಕೆ ಮಾತ್ರ ಸಂಬಂಧಿಸಿದ್ದು. ರಸ್ತೆಯ ಮೇಲಿನ ಓಟದ ಬೆರಕೆಯನ್ನು ನಿರ್ಧರಿಸುವುದು ಮುಖ್ಯ ಜೆಟ್ಟು. ಮೈಲೇಜಿಗಾಗಿ ಈ ತಿರುಪನ್ನು ಬಿಗಿಯುವುದು ವ್ಯರ್ಥ.

ಎಂಜಿನ್ ಆರಿದ್ದಾಗ ಬೆರಕೆಯ ತಿರುಪನ್ನು ಹಗುರವಾಗಿ ತಳ ಮುಟ್ಟುವವರೆಗೆ ಒಳಗೆ ತಿರುಗಿಸಿರಿ. ಬಿಗಿದರೆ ಮೊನೆ ಕೆಡುತ್ತದೆ. ಅಲ್ಲಿಂದ ಒಂದೂವರೆ ಸುತ್ತು ಹೊರಗೆ ತನ್ನಿರಿ. ಗಾಡಿಯನ್ನು ಬಯಲಲ್ಲಿ ನಿಲ್ಲಿಸಿ ಎಂಜಿನ್ ಚೆನ್ನಾಗಿ ಕಾಯಿಸಿರಿ. ಮುಚ್ಚಿದ ಕೊಟ್ಟಿಗೆಯಲ್ಲಿ ಹೊಗೆ ಪ್ರಾಣಕ್ಕೆ ಅಪಾಯ. ಈಗ ಬೆರಕೆಯ ತಿರುಪನ್ನು ಕಾಲು ಸುತ್ತಿನಂತೆ ತಿರುವುತ್ತ, ಎಂಜಿನ್ ಅತ್ಯಂತ ವೇಗವಾಗಿ, ಒಂದೇ ಸಮನೆ ಓಡುವ ಜಾಗ ಕಂಡುಕೊಳ್ಳಿರಿ. ಬಳಿಕ ವೇಗದ ತಿರುಪಿನಿಂದ ಸ್ಲೋ ಇಳಿಸಿರಿ. ಎರಡನ್ನೂ ಮತ್ತೊಮ್ಮೆ ಸರಿಪಡಿಸಿರಿ. ಪ್ರತಿ ಸಲ ಎಷ್ಟು ಸುತ್ತು ತಿರುವಿದಿರೆಂದು ಬರೆದಿಟ್ಟುಕೊಂಡರೆ ಹಿಂದಿನ ಸ್ಥಿತಿಗೆ ಮರಳುವುದು ಸುಲಭ.

ಹತ್ತು ಕಿಲೋಮೀಟರ್ ಭಾರ ಹೇರಿ ಓಡಿಸಿ, ಎಂಜಿನ್ ಆರಿದ ಮೇಲೆ ಪ್ಲಗ್ಗು ತೆಗೆದು ನೋಡಿರಿ. ತಿಳಿ ಕಂದು ಬಣ್ಣ ಒಳ್ಳೆಯದು. ಕಾಡಿಗೆಯಂತೆ ಕಪ್ಪಾಗಿದ್ದರೆ ಮಿಶ್ರಣ ದಟ್ಟ, ಸುಣ್ಣದಂತೆ ಬೆಳ್ಳಗಿದ್ದರೆ ತೆಳು. ಎಲ್ಲ ಸರಿಪಡಿಸಿದ ಮೇಲೂ ಪ್ಲಗ್ಗು ಬೆಳ್ಳಗಾಗಿ ಏರಿನಲ್ಲಿ ಎಂಜಿನ್ ಜಗ್ಗಿದರೆ, ಮುಖ್ಯ ಜೆಟ್ಟನ್ನು ಒಂದು ಅಳತೆ ದೊಡ್ಡದು ಹಾಕಿಸುವ ಬಗ್ಗೆ ತಿಳಿದ ಮಿಸ್ತ್ರಿಯನ್ನು ಕೇಳಿರಿ. ಹೊಗೆ ತಪಾಸಣೆಯ ಚೀಟಿಯನ್ನೂ ಎಸೆಯಬೇಡಿರಿ. ಅದರಲ್ಲಿಯ ಇಂಗಾಲದ ಮೊನಾಕ್ಸೈಡ್ ಅಂಕಿ ಏರುತ್ತ ಹೋದರೆ ಸ್ಲೋ ಬೆರಕೆ ದಟ್ಟವಾಗುತ್ತಿದೆ ಎಂದೇ ಅರ್ಥ.

ಮಳೆಗಾಲದಲ್ಲಿ ಗಾಡಿ ವಾರಗಟ್ಟಲೆ ನಿಲ್ಲುವುದಿದ್ದರೆ ಫ್ಲೋಟ್ ಬಟ್ಟಲು ಬಸಿದಿಡಿರಿ. ಟ್ಯಾಂಕಿನ ಮುಚ್ಚಳ ಭದ್ರವಾಗಿರಲಿ. ನಳಿಗೆಗಳನ್ನು ವರ್ಷಕ್ಕೊಮ್ಮೆ, ಮಾಲಿನ ಹಂಗಾಮು ಆರಂಭವಾಗುವ ಮುನ್ನ, ಕೈಯಾರೆ ಮುಟ್ಟಿ ನೋಡಿರಿ. ಮೇಲೆ ಹೇಳಿದ ರೈತರು ಈಗ ಘಾಟು ಹತ್ತುವ ಹಿಂದಿನ ದಿನ ಬಾನೆಟ್ ಎತ್ತಿ ಐದು ನಿಮಿಷ ಈ ಕೆಲಸ ಮಾಡುತ್ತಾರೆ. ಆ ಮೇಲೆ ಅವರ ಬದನೆಕಾಯಿ ಲಿಲಾವಿಗೆ ತಡವಾಗಿ ಮುಟ್ಟಿಲ್ಲ.